ದೊಡ್ಡಮ್ಮ ಸೋಲುತ್ತಿದ್ದ ವ್ಯಾಪಾರ

ಹೋದ ವಾರ ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದು ಬರುತ್ತಿದ್ದೆ. ಇಸ್ತ್ರಿ ಗಾಡಿಯವನು ಗಂಜಿ ಹಾಕಿದ ಹತ್ತಿ ಸೀರೆಯೊಂದಕ್ಕೆ ನೀರು ಚಿಮುಕಿಸಿ ಅದರ ಮೇಲೆ ಕೆಂಡದ ಪೆಟ್ಟಿಗೆಯನ್ನು ಎಳೆದ. ಬುಸ್ಸೆಂದು ಹಬೆ ಎದ್ದಿತು. ಅನ್ನದ ಗಂಜಿ, ಇದ್ದಿಲು, ಬಿಸಿಯಾದ ಹತ್ತಿ, ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬಂದ ಆಟೋದವನು ಮಲಯಾಳಂನಲ್ಲಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡು ಪಕ್ಕದಲ್ಲೇ ಹಾದುಹೋದ. ನಾನು ಮಾತ್ರ ಇಸ್ತ್ರಿಗೆ ಕೊಡಲು ಕೈಯಲ್ಲಿ ಒಂದು ಚಿಂದಿಯೂ ಇಲ್ಲದೆ ಆ ಗಾಡಿಯ ಮುಂದೆ ಬೆಪ್ಪುತಕ್ಕಡಿಯ ಹಾಗೆ ನಿಂತಿದ್ದೆ.

ಇದೇ ಓಣಿಯಲ್ಲಿ ದೊಡ್ಡಮ್ಮನ ಹಳೇ ಸೀರೆ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕನಲ್ಲ, ರಕ್ತಸಂಬಂಧ ಏನೇನೂ ಇಲ್ಲ. ನಮ್ಮ ವಠಾರದಲ್ಲಿ ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲೇ ಬೇರು ಬಿಟ್ಟ ಕುಟುಂಬಗಳು ಹಲವು ಇದ್ದವು. ಆ ಮನೆಗಳ ಮಕ್ಕಳಿಗೆಲ್ಲ ಅವಳು ದೊಡ್ಡಮ್ಮ. ಈರುಳ್ಳಿ ಮಂಡಿಯವರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ. ಮಂಡಿಯನ್ನು ಮೈದುನ ನೋಡಿಕೊಂಡ. ಗೋದಾಮಿನ ಮುಂದಿನ ಒಂದು ಕೋಣೆಯನ್ನು ಇವಳಿಗೆ ಬಿಟ್ಟುಕೊಟ್ಟಿದ್ದರು, ಬಹುಶಃ ಮನೆಯಲ್ಲಿ ಅವಳ ಬಾಯಿಗೆ ಹೆದರಿ. ಬಾಯಿ ಅಂದರೆ ಅಂಥಾ ಇಂಥಾ ಬಾಯಲ್ಲ. ಅವಳು ಬಾಗಿಲು ತೆರೆದು ಬೈಯಲು ಶುರುಮಾಡಿದರೆ ಓಣಿಯ ನಾಯಿಗಳು ಎದ್ದು ಬೇರೆ ಓಣಿಗೆ ಹೋಗುತ್ತಿದ್ದವು. ಅವಳ ಕೋಣೆಯ ಜಗಲಿಯಲ್ಲಿ ನಾನು ಹೊಲಿಗೆ ಮೆಷಿನ್ ಹಾಕಿಕೊಂಡು ಸೀರೆಗೆ ಫಾಲ್ ಹಚ್ಚುವುದು, ರವಿಕೆ ಹೊಲಿಯುವುದು ಮಾಡುತ್ತಿದ್ದೆ. ಬಾಡಿಗೆ ಅಂತ ಕೇಳುತ್ತಿರಲಿಲ್ಲ, ಬದಲಿಗೆ ದಿನವಿಡೀ ಅವಳ ಮಾತು ಕೇಳಬೇಕಿತ್ತು. ಬಾಡಿಗೆಯೇ ಅಗ್ಗವಾಗುತ್ತಿತ್ತೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಸೀರೆಗಳು ಅವಳಿಗೆ ಎರಡು ಕಡೆಯಿಂದ ಬರುತ್ತಿದ್ದವು. ಒಂದು, ಮೈಸೂರು. ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ಕೊಂಡುಕೊಳ್ಳುವ ಹೆಂಗಸರು ಬೀದಿ ಬೀದಿ ಸುತ್ತುತ್ತಾರಲ್ಲ, ಅವರು ಗಂಟು ಬಿಚ್ಚುವ ಜಾಗಕ್ಕೆ ದೊಡ್ಡಮ್ಮ ಮೊದಲ ಬಸ್ಸಿನಲ್ಲಿ ಹೋಗಿ ಕೂರುತ್ತಿದ್ದಳು. ಇನ್ನೊಂದು, ನಮ್ಮ ಬತ್ತೇರಿಯ ಅನುಕೂಲಸ್ಥರ ಮನೆಗಳು. ಬೀರು ತುಂಬಿತು ಎಂದಾಗ ಅವರು ಹಳೆಯ ಸೀರೆಗಳನ್ನು ಚೀಲಕ್ಕೆ ತುರುಕಿ, "ಯಾರಾದರೂ ಬಡವರಿಗೆ ಆಗಲಿ" ಎಂದು ಕಳಿಸುತ್ತಿದ್ದರು. ಬಣ್ಣ ಬಿಟ್ಟದ್ದು, ಮದುವೆಯಲ್ಲಿ ಸಾರು ಚೆಲ್ಲಿದ್ದು, ಅಂಚು ಹರಿದದ್ದು. ಕೆಲವರಂತೂ ಒಗೆಯದೆ ಕಳಿಸುತ್ತಿದ್ದರು. ಪುಣ್ಯಕ್ಕೆ ಸೋಪಿನ ಖರ್ಚು ಯಾಕೆ ಅಂತ ಇರಬೇಕು.

ದೊಡ್ಡಮ್ಮ ಅವನ್ನೆಲ್ಲ ನೆನೆಹಾಕಿ ಒಗೆದು, ಗಂಜಿ ಹಾಕಿ, ಮಳೆಗಾಲದಲ್ಲಾದರೆ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರಡಿ ಒಣಗಿಸುತ್ತಿದ್ದಳು. ಹರಿದಲ್ಲಿ ನಾನು ಎಳೆ ಹಿಡಿದು ಹೊಲಿಯುತ್ತಿದ್ದೆ. ಕಡೆಗೆ ಇಸ್ತ್ರಿ. ಮಡಿಕೆಗೆ ಮಡಿಕೆ ಕೂಡಿಸಿ, ಹೊಸ ಅಂಗಡಿಯ ಹಾಗೆ ಪಾರದರ್ಶಕ ಕವರಿಗೆ ಹಾಕಿ ಕಪಾಟಿನಲ್ಲಿ ಜೋಡಿಸುತ್ತಿದ್ದಳು. ಕೊಟ್ಟವರೇ ಎದುರು ಬಂದು ನಿಂತರೂ ಇದು ನನ್ನದು ಎಂದು ಗುರುತು ಹಿಡಿಯುವುದು ಕಷ್ಟವಿತ್ತು.

ಭಾನುವಾರ ಅಂಗಡಿ ಜೀವ ಪಡೆಯುತ್ತಿತ್ತು. ಕಾಡಂಚಿನ ಹಾಡಿಗಳಿಂದ, ಕಾಫಿ ತೋಟಗಳ ಪಾಡಿ ಎಂಬ ಕೂಲಿ ಲೈನುಗಳಿಂದ ಹೆಂಗಸರು ಸಂತೆಗೆ ಬರುತ್ತಿದ್ದರು. ಬತ್ತೇರಿಯಲ್ಲಿ ದೊಡ್ಡ ದೊಡ್ಡ ಜವಳಿ ಅಂಗಡಿಗಳಿವೆ. ಅಲ್ಲಿಗೆ ಇವರು ಕಾಲಿಟ್ಟರೆ ಅಂಗಡಿಯ ಹುಡುಗಿ ಮೊದಲು ಇವರ ಕಾಲನ್ನು, ಆಮೇಲೆ ಕೈಯನ್ನು ನೋಡುತ್ತಾಳೆ. ಸೀರೆಯನ್ನು ಮುಟ್ಟುವ ಮೊದಲೇ ಬೆಲೆ ಹೇಳುತ್ತಾಳೆ, ಅದೂ ಇಳಿಸಲಾಗದ ಬೆಲೆ. ದೊಡ್ಡಮ್ಮನ ಅಂಗಡಿಯಲ್ಲಿ ಹಾಗಲ್ಲ. ಎಳೆದು ನೋಡಬಹುದಿತ್ತು, ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬಹುದಿತ್ತು, ಮೂಸಿ ನೋಡಬಹುದಿತ್ತು. ಅದಕ್ಕಿಂತ ಹೆಚ್ಚಾಗಿ ಕನ್ನಡದಲ್ಲಿ ಜಗಳವಾಡಬಹುದಿತ್ತು. ಕೂಲಿ ಕೇಳುವಾಗ, ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಮಲಯಾಳಂನಲ್ಲಿ ತಗ್ಗಿಸಿ ಮಾತಾಡಿ ಮಾತಾಡಿ ಬಂದವರು ಇಲ್ಲಿ ಗಂಟಲು ಬಿಡಿಸಿಕೊಳ್ಳುತ್ತಿದ್ದರು.

ಅವರಲ್ಲಿ ಕೆಂಚಿ ಎಂಬುವಳು ಪಕ್ಕಾ ಘಟವಾಣಿ. ಕಾಫಿ ತೋಟದಲ್ಲಿ ಕೂಲಿ, ಒಣಕಲು ಕಡ್ಡಿಯಂಥ ಮೈ. ಬೇಕಾದ ಸೀರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೇಡದ ಸೀರೆಯೊಂದನ್ನು ಹಿಡಿದುಕೊಂಡು ಅರ್ಧ ಗಂಟೆ ಹೀಯಾಳಿಸಿ, ಕೊನೆಗೆ ಹೋಗುವವಳ ಹಾಗೆ ಎದ್ದು, ಇದೊಂದು ಯಾಕೆ ಇಲ್ಲಿ ಬಿದ್ದಿದೆ ಎಂಬಂತೆ ಬೇಕಾದ್ದನ್ನು ಮುಟ್ಟುತ್ತಿದ್ದಳು.

"ಇದ್ಕ ಎಸ್ಟು?"

"ಐನೂರು."

"ಐನೂರಾ? ನಿನ್ನನ್ನೂ ಸೇರ್ಸಿ ಕೊಟ್ಟೀಯ?"

"ನನ್ನ ಕರ್ಕೊಂಡೋದ್ರ ನಿನ್ ಗಂಡ ಮನ ಬುಟ್ಟು ಓಡೋಯ್ತಾನ."

"ಎಂಬತ್ತು ಕೊಟ್ಟೀನಿ, ಮಡಿಚು."

"ಎಂಬತ್ತಕ್ಕ ಸೆರಗು ಕುಯ್ದು ಕೊಡ್ತೀನಿ, ಮೂಗು ಒರಸ್ಕೊ ಹೋಗು."

ಹೀಗೆ ನಡೆಯುತ್ತಿತ್ತು. ಓಣಿಯವರು ನಿಂತು ನೋಡುತ್ತಿದ್ದರು. ಕೆಂಚಿ ಸೀರೆಯನ್ನು ಎಸೆದು ಮೆಟ್ಟಿಲು ಇಳಿಯುವಳು. ದೊಡ್ಡಮ್ಮ ಶಾಪ ಹಾಕುತ್ತ ಕೂಗಿ ಕರೆಯುವಳು. ಕಡೆಗೆ ಕೆಂಚಿ ಹೇಳಿದ ಬೆಲೆಗಿಂತ ಚೂರೇ ಚೂರು ಮೇಲೆ ನಿಂತು, ದೊಡ್ಡಮ್ಮ ಹಣೆ ಚಚ್ಚಿಕೊಂಡು, "ನನ್ ಮನ ಗುಡ್ಸಿ ಗುಂಡಾಂತ್ರ ಮಾಡ್ಬುಟ್ಟ ಕನ ನೀನು! ಈ ಕಡ ಇನ್ನು ತಲ ಹಾಕ್ಬ್ಯಾಡ!" ಎನ್ನುವಳು. ಕೆಂಚಿ ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸಂತೆಯ ಉದ್ದಕ್ಕೂ ತಾನು ಮುದುಕಿಗೆ ಹೇಗೆ ಮಣ್ಣು ಮುಕ್ಕಿಸಿದೆ ಎಂದು ಹೇಳಿಕೊಂಡು ಹೋಗುವಳು. ಆ ನಡಿಗೆಯನ್ನು ನಾನು ಮೆಷಿನ್ನಿನ ಮೇಲಿಂದ ನೋಡುತ್ತಿದ್ದೆ. ತೋಟದಲ್ಲಿ ಮೇಸ್ತ್ರಿಯ ಮುಂದೆ ನಡೆಯುವ ಕೆಂಚಿಯೇ ಬೇರೆ, ಆ ಓಣಿಯಲ್ಲಿ ನಡೆಯುವ ಕೆಂಚಿಯೇ ಬೇರೆ.

ದೊಡ್ಡಮ್ಮ ಬೇಕೆಂದೇ ಸೋಲುತ್ತಾಳೆ ಎಂಬುದು ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಒಮ್ಮೆ ಅವಳ ಜೊತೆ ಮೈಸೂರಿಗೆ ಹೋಗಿದ್ದೆ. ಅಲ್ಲಿ ಪಾತ್ರೆ ಹೆಂಗಸರ ಎದುರು ಅವಳು ಹಿಡಿದ ಬೆಲೆಯಿಂದ ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ. ಹುಲಿಯ ಹಾಗೆ ಕೂತಿದ್ದಳು. ಆ ಹೆಂಗಸರು ಕೈಮುಗಿದು, "ತಾಯೀ, ನೀನು ಎದ್ದು ಹೋದ್ರೆ ಸಾಕು" ಎಂದು ಕೊಟ್ಟು ಕಳಿಸಿದರು. ಅಂಥವಳು ಕೆಂಚಿಯ ಎದುರು ಪ್ರತಿ ಭಾನುವಾರ ಮಣ್ಣು ಮುಕ್ಕುವುದು ಹೇಗೆ? ಕೊಂಡ ಬೆಲೆ, ಸೋಪು, ಇದ್ದಿಲು, ಬಸ್ಸಿನ ಟಿಕೆಟ್ಟು... ಯಾವ ಲೆಕ್ಕದಲ್ಲೂ ಗಿಟ್ಟುತ್ತಿರಲಿಲ್ಲ. ಅವಳ ತವರಿನ ಕಡೆಯ ಜಮೀನನ್ನು ವಯನಾಡಿನವರೊಬ್ಬರು ಶುಂಠಿ ಬೆಳೆಯಲು ಗುತ್ತಿಗೆ ಹಿಡಿದಿದ್ದರು. ಆ ಗುತ್ತಿಗೆಯ ದುಡ್ಡು ಈ ಸೀರೆಗಳಲ್ಲಿ ಕರಗುತ್ತಿತ್ತು.

ಬಸ್ಸಿನಲ್ಲಿ ಬರುವಾಗ ಕೇಳಿಯೇಬಿಟ್ಟೆ. ಕೊಡುವುದಾದರೆ ಸುಮ್ಮನೆ ಕೊಟ್ಟುಬಿಡಬಾರದೇ, ಈ ನಾಟಕ ಯಾಕೆ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕಾಡು ಶುರುವಾದ ಮೇಲೆ ಹೇಳಿದಳು. ಗಂಡ ಸತ್ತ ವರ್ಷ ಹಬ್ಬಕ್ಕೆ ನೆಂಟರ ಮನೆಯವರು ಅವಳಿಗೊಂದು ಸೀರೆ ಕೊಟ್ಟಿದ್ದರಂತೆ, ಅದನ್ನು ಉಟ್ಟ ದಿನವೆಲ್ಲ ಕೊಟ್ಟವಳು ಎದುರು ಬಂದಾಗ ಇವಳು ಎದ್ದು ನಿಲ್ಲುತ್ತಿದ್ದಳಂತೆ.

"ಪುಕ್ಕಟ ಸೀರ ಉಟ್ಟೋಳು ಕೊಟ್ಟೋಳ ಮುಂದ ಸೆರಗ ಸರಿ ಮಾಡ್ಕೊಳ್ಳಾಕೂ ಹೆದರ್ತಾಳ ಕನಮ್ಮಿ. ಕೆಂಚಿ ನನ್ನ ಮುಂದ ಹೆದರ್ತಾಳಾ, ಹೇಳು? ನನ್ಗೇ ಬಯ್ತಾಳ."

ಇದೂ ಒಂದು ಸುಳ್ಳೇ ಅಲ್ಲವೇ ಎಂದೆ. "ವ್ಯಾಪಾರ್ದಲ್ಲಿ ಯಾವೋಳು ಸುಳ್ಳು ಹೇಳಲ್ಲ? ಎಲ್ರೂ ಲಾಬಕ್ಕ ಹೇಳ್ತಾರ, ನಾನು ಲುಕ್ಸಾನಕ್ಕ ಹೇಳ್ತೀನಿ. ನೀನೇನಾರ ಬಾಯ್ ಬುಟ್ರ ಮೆಷಿನ್ ತಕ್ಕೊಂಡೋಗಿ ಕೆರಗ ಹಾಕ್ಬುಡ್ತೀನಿ" ಎಂದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟವರು ಬೇರೆಯವರು.

ಊರಿನಲ್ಲಿ ಒಂದು ಸೇವಾ ಸಮಿತಿ ಇತ್ತು, ಈಗಲೂ ಇದೆ. ಅದರ ಮುಂದಾಳು ಜವಳಿ ಅಂಗಡಿಯೊಂದರ ಯಜಮಾನಿ. ನಮ್ಮ ಕಡೆಯವರೇ. ಅವರ ಅಂಗಡಿಯಲ್ಲಿ ವರ್ಷಕ್ಕೆರಡು ಸಲ ಒಂದಕ್ಕೊಂದು ಉಚಿತ ಎಂದು ಬೋರ್ಡು ಬೀಳುತ್ತಿತ್ತು, ಹಿಂದಿನ ರಾತ್ರಿ ಬೆಲೆಯ ಚೀಟಿ ಬದಲಾಗುತ್ತಿತ್ತು ಎಂದು ಅಲ್ಲಿ ಕೆಲಸಕ್ಕಿದ್ದ ಹುಡುಗಿಯರೇ ನಗುತ್ತಿದ್ದರು. ಯಜಮಾನಿಯವರು ಒಮ್ಮೆ ಚೀಲವೊಂದರಲ್ಲಿ ದೊಡ್ಡಮ್ಮನಿಗೆ ಸೀರೆಗಳನ್ನು ಕಳಿಸಿದ್ದರು. ಅದರಲ್ಲಿ ಜರಿಯಂಚಿನ ನೇರಳೆ ಬಣ್ಣದ್ದೊಂದು ಇತ್ತು. ಅದನ್ನು ಕೆಂಚಿ ಕೊಂಡಳು.

ಆಮೇಲೊಂದು ದಿನ ಆಸ್ಪತ್ರೆಯ ಮುಂದೆ ಆ ಸೀರೆ ಉಟ್ಟ ಕೆಂಚಿಯನ್ನು ಯಜಮಾನಿಯವರು ಕಂಡರು. ಜರಿಯಂಚಿನಿಂದಲೇ ಗುರುತು ಹಿಡಿದರು. ಹತ್ತಿರ ಹೋಗಿ ಮುಗುಳ್ನಗುತ್ತ ಸೀರೆ ಚೆನ್ನಾಗಿ ಒಪ್ಪುತ್ತದೆ ಎಂದರಂತೆ. ಕೆಂಚಿಗೆ ಇವರು ಯಾರೆಂದೇ ಗೊತ್ತಿಲ್ಲ. "ಒಪ್ದೆ ಏನು? ಮುದುಕಿ ಆರ್ನೂರು ಅಂದ್ಲು, ನೂರಕ್ಕ ಕಿತ್ಕಂಡು ಬಂದಿನಿ" ಎಂದು ಬೀಗಿ, ತಿರುಗಿಯೂ ನೋಡದೆ ಹೋದಳಂತೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂದು ತೆಗೆದುಕೊಳ್ಳುವವರಿಗೆ ಬುದ್ಧಿ ಹೇಳುತ್ತೇವೆ. ಕೊಟ್ಟವರು ಎಮ್ಮೆಯ ಹಿಂದೆಯೇ ನಡೆದುಬಂದು ಹಾಲಿನ ಲೆಕ್ಕ ಕೇಳುವುದಕ್ಕೆ ನಮ್ಮಲ್ಲಿ ಗಾದೆಯಿಲ್ಲ. ಯಜಮಾನಿಯವರಿಗೆ ಉರಿ ಹತ್ತಿದ್ದು ಆ ನೂರು ರೂಪಾಯಿಗಲ್ಲ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ತಮ್ಮ ಸೀರೆ ಉಟ್ಟವಳು ತಮ್ಮ ಮುಂದೆ ತಲೆ ಎತ್ತಿ ನಡೆದುಹೋದಳಲ್ಲ, ಅದಕ್ಕೆ.

ಮರು ಭಾನುವಾರ ಅವರು ಸಮಿತಿಯ ಹೆಂಗಸರನ್ನು ಕರೆದುಕೊಂಡು ಅಂಗಡಿಗೇ ಬಂದರು. ಸಂತೆಯ ಹೊತ್ತು. ಕಪಾಟಿನ ಮುಂದೆ ಕೆಂಚಿ, ಅವಳ ಹಿಂದೆ ಹಾಡಿಯ ಹೆಂಗಸರು ಗುಂಪಾಗಿ ನಿಂತಿದ್ದರು. ವ್ಯಾಪಾರ ಅರ್ಧದಲ್ಲಿತ್ತು. ಕೆಂಚಿಯ ಕೈಯಲ್ಲಿ ಹಳದಿ ಸೀರೆಯೊಂದು ಬಿಚ್ಚಿಕೊಂಡಿತ್ತು.

"ಅಲ್ಲಮ್ಮಾ, ನಾವು ಧರ್ಮಕ್ಕೆ ಅಂತ ಕೊಟ್ಟದ್ದನ್ನ ನೀವು ದುಡ್ಡಿಗೆ ಮಾರ್ತಿದ್ದೀರಂತೆ? ಬಡವರ ಹತ್ರ? ನಾಚ್ಕೆ ಆಗಲ್ವೇನು?" ಎಂದು ಯಜಮಾನಿಯವರು ಓಣಿಗೆಲ್ಲ ಕೇಳುವ ಹಾಗೆ ಕೇಳಿದರು.

ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. ಅವಳ ಸ್ಥಿತಿ ಅತ್ತ ದರಿ ಇತ್ತ ಪುಲಿ. ನಾನು ಗಿಟ್ಟದ ಬೆಲೆಗೆ ಮಾರುತ್ತೇನೆ, ಇವರಿಗೆ ಬೇಕೆಂದೇ ಸೋಲುತ್ತೇನೆ ಎಂದು ಒಂದು ಮಾತು ಹೇಳಿದರೆ ಕಳ್ಳಿ ಎಂಬ ಹೆಸರು ಕಳಚುತ್ತಿತ್ತು. ಆದರೆ ಆ ಮಾತನ್ನು ಕೆಂಚಿಯ ಎದುರು ಹೇಳಬೇಕಿತ್ತು. ನಾನು ಮೆಷಿನ್ ನಿಲ್ಲಿಸಿ ಎದ್ದೆ. ದೊಡ್ಡಮ್ಮ ನನ್ನ ಕಡೆ ಒಂದು ನೋಟ ಬಿಟ್ಟಳು. ಆ ನೋಟವನ್ನು ಏನೆಂದು ಬರೆಯಲಿ... ಮತ್ತೆ ಕೂತೆ.

"ಹೂಂ, ಮಾರ್ದೆ" ಎಂದಳು. "ಅಂಗ್ಡಿ ಇಟ್ಟೋಳು ಮಾರ್ದೆ ಪೂಜ ಮಾಡಾಳಾ? ನಿಮ್ ಸೀರ ನಿಮ್ಗ ಬೇಕಾರ ಇನ್ಮೇಲ ಕಳ್ಸಬ್ಯಾಡಿ. ಹೋಗಿ, ಗಿರಾಕಿ ಅವರ."

ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಯಜಮಾನಿಯವರು ಇನ್ನಷ್ಟು ಬೈದು ಹೋಗುತ್ತಿದ್ದರು. ಊರಿನ ಮನೆಗಳಿಂದ ಬರುವ ಚೀಲಗಳು ನಿಲ್ಲುತ್ತಿದ್ದವು. ಮೈಸೂರಿನ ಸೀರೆಗಳಲ್ಲೇ ದೊಡ್ಡಮ್ಮ ಅಂಗಡಿ ನಡೆಸುತ್ತಿದ್ದಳು. ಕೆಂಚಿ ಕೂಡ, "ನೋಡು, ನಾ ಹೇಳ್ನಿಲ್ವಾ, ಮುದುಕಿ ಕಳ್ ಮುಂಡ!" ಎಂದು ಗಟ್ಟಿಯಾಗಿ ನಕ್ಕಳು. ಆ ನಗುವಿಗೆ ದೊಡ್ಡಮ್ಮನ ತುಟಿಯ ಕೊನೆಯೂ ಅಲುಗಿತು. ನಾನು ಕಂಡೆ.

ಅಷ್ಟರಲ್ಲಿ ಗೋದಾಮಿನಿಂದ ಮೈದುನ ಬಂದ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯನೇ, ಅದೇ ಸಂಕಟ. ತಮ್ಮ ಮನೆತನದ ಹೆಂಗಸನ್ನು ನಡುಬೀದಿಯಲ್ಲಿ ಕಳ್ಳಿ ಎನ್ನುವುದನ್ನು ಅವನಿಂದ ಕೇಳಲಾಗಲಿಲ್ಲ. ಈರುಳ್ಳಿ ಸಿಪ್ಪೆ ಅಂಟಿದ ಕೈಯನ್ನೇ ಚಾಚಿ ಕೂಗಿದ.

"ಲಾಬ ಮಾಡ್ತಾಳ ನಮ್ಮತ್ಗೆ? ಯಾರ್ರೀ ಹೇಳಿದ್ದು? ತನ್ ಗುತ್ಗ ದುಡ್ಡೆಲ್ಲ ಇದ್ಕೇ ಸುರೀತವಳ! ಈ ಹೆಂಗಸ್ರ ಜೊತ ಬೇಕೂಂತ್ಲೇ ಸೋತು ಸೋತು ಕೊಡ್ತಾಳ! ಎಲ್ಲಾ ದರ್ಮಕ್ಕೇ ಕೊಟ್ಟಂಗ ಕನ್ರೀ! ಇವ್ರಿಗೆ ಗೊತ್ತಾಗ್ಬಾರ್ದು ಅಂತ ನಾಟ್ಕ ಆಡ್ತಾಳ, ಅಸ್ಟೇಯ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡು ಮುಖಗಳನ್ನು ನೋಡುತ್ತಿದ್ದೆ. ಯಜಮಾನಿಯವರ ಮುಖ ಮೇಣದ ಹಾಗೆ ಕರಗಿತು. "ಅಯ್ಯೋ ದೇವರೇ, ಇಷ್ಟು ದೊಡ್ಡ ಮನಸ್ಸಾ! ಇದನ್ನ ಮೊದಲೇ ಹೇಳಬಾರ್ದಾಗಿತ್ತಾ ನೀವು!" ಎಂದು ಬಂದು ದೊಡ್ಡಮ್ಮನ ಕೈಗಳನ್ನು ಹಿಡಿದುಕೊಂಡರು. ಕಣ್ಣಲ್ಲಿ ನಿಜಕ್ಕೂ ನೀರಿತ್ತು. ಕೆಂಚಿಯ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ನಗು ಬಂದ ಬಾಯಿ ಹಾಗೇ ತೆರೆದಿತ್ತು, ನಗು ಹೋಗಿತ್ತು.

ಅವಳು ಹಳದಿ ಸೀರೆಯನ್ನು ಮಡಿಸಿದಳು. ಯಾವತ್ತೂ ಮಡಿಸಿ ಕೊಟ್ಟವಳಲ್ಲ, ಎಸೆಯುವವಳು. ಮಡಿಸಿ ಹಲಗೆಯ ಮೇಲೆ ಇಟ್ಟಳು.

"ಹಂಗಾರ ನಾನು ಗೆದ್ದಿದ್ದು ಸುಳ್ಳಾ ಅವ್ವ?"

"ಅವ ಕುಡ್ದವ್ನೆ ಕನಮ್ಮಿ, ಅವನ್ ಮಾತು ಕಟ್ಕೊಂಡು... ನೂರಾ ಐವತ್ತು ಕೊಡು, ತಕ್ಕೊಂಡೋಗು. ಅದ್ಕಿಂತ ಕಮ್ಮಿಗ ಕೊಡಲ್ಲ" ಎಂದಳು ದೊಡ್ಡಮ್ಮ. ಮೈದುನ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ, ಅದು ಓಣಿಗೆಲ್ಲ ಗೊತ್ತಿತ್ತು. ಕೆಂಚಿಗೂ ಗೊತ್ತಿತ್ತು. ಅವಳು ಮೆಟ್ಟಿಲು ಇಳಿದಳು. ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಯಾರೂ ಬೈಯಲಿಲ್ಲ.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನದರಲ್ಲೂ. ಓಣಿಯ ಬಾಯಿಯಲ್ಲೇ ಹಾದುಹೋಗುತ್ತಿದ್ದರು, ಒಳಗೆ ತಿರುಗುತ್ತಿರಲಿಲ್ಲ. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಹೆಸರು ಹಿಡಿದು ಕೂಗಿದಳು, ಬೈದಳು, ಕೆಣಕಿದಳು. ಒಮ್ಮೆ ಕೆಂಚಿ ನಿಂತಳು. ದೊಡ್ಡಮ್ಮ ಅವಸರದಲ್ಲಿ ಒಂದು ಸೀರೆಯನ್ನು ಎತ್ತಿ ತೋರಿಸಿ, ಈ ಸಲ ಚೌಕಾಸಿ ಇಲ್ಲ, ಇದು ದಿಟವಾದ ಬೆಲೆ, ನನಗೂ ಲಾಭ ಇದೆ ಎಂದು ಹೇಳಿದಳು. ಕೆಂಚಿ ದೂರದಿಂದಲೇ, "ದಿಟವೋ ಸಟವೋ ನನ್ಗ ಹೆಂಗ ಗೊತ್ತಾದ್ದು ಇನ್ಮೇಲ?" ಎಂದು ಹೇಳಿ ಹೋದಳು. ದೊಡ್ಡಮ್ಮ ಎತ್ತಿದ ಸೀರೆಯನ್ನು ಕೆಳಗಿಳಿಸಿದಳು. ನಿಜವಾದ ಲಾಭದ ಬೆಲೆ ಹೇಳಿದರೆ ಅವರಿಗೆ ಕೊಳ್ಳಲಾಗದು, ಕೊಳ್ಳಬಹುದಾದ ಬೆಲೆ ಹೇಳಿದರೆ ಅದು ಭಿಕ್ಷೆ.

ಸಮಿತಿಯವರು ಮಾತ್ರ ಬಂದರು. ಖಾಲಿ ಅಂಗಡಿ ನೋಡಿ ಅವರಿಗೆ ಒಳ್ಳೆಯ ಯೋಚನೆ ಹೊಳೆದಿತ್ತು. ಇಷ್ಟು ಕಾಲ ಒಬ್ಬಳೇ ಕಷ್ಟಪಟ್ಟಿರಿ, ಇನ್ನು ನಾವಿದ್ದೇವೆ, ದುಡ್ಡಿನ ಮಾತೇ ಬೇಡ ಎಂದರು. ಮೈದುನ ಖುಷಿಯಿಂದ ಕೋಣೆಯ ಬೀಗದ ಕೈ ಕೊಟ್ಟ. ಬಾಗಿಲ ಮೇಲೆ ಬಟ್ಟೆಯ ಬ್ಯಾನರ್ ಬಂತು. ಮಲಯಾಳಂನಲ್ಲಿ ಪುಕ್ಕಟೆ ಎನ್ನುವುದಕ್ಕೆ ಸೌಜನ್ಯ ಎಂದು ಬರೆಯುತ್ತಾರೆ. ಕನ್ನಡದವರಾದ ನಾವು ಆ ಪದದಿಂದ ನಿರೀಕ್ಷಿಸುವ ಗುಣ ಆ ದಿನ ಆ ಬಾಗಿಲಲ್ಲಿ ಎಳ್ಳಷ್ಟೂ ಇರಲಿಲ್ಲ. ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಯಾವ ಸೀರೆ ಎಂದು ಆರಿಸುವ ಹಾಗಿಲ್ಲ. ಫೋಟೋದವನು ಸರಿ ಎನ್ನುವವರೆಗೆ ಕೊಡುವವರೂ ಬಿಡುವುದಿಲ್ಲ, ತೆಗೆದುಕೊಳ್ಳುವವರೂ ಎಳೆದುಕೊಳ್ಳುವ ಹಾಗಿಲ್ಲ. ಸಾಲಿನಲ್ಲಿ ಬೇರೆ ಬೇರೆ ಕಡೆಯ ಹೆಂಗಸರಿದ್ದರು. ಕೆಂಚಿ ಇರಲಿಲ್ಲ.

ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಯಜಮಾನಿಯವರು ಮೈಕ್ ಹಿಡಿದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ಹಾಗೆ ಬದುಕಿದ ತಾಯಿ ಎಂದೆಲ್ಲ ಹೊಗಳಿದರು. ಎಡಗೈಗೆ ಮಾತ್ರವಲ್ಲ, ಇಡೀ ಬತ್ತೇರಿಗೆ ಮೈಕಿನಲ್ಲಿ ತಿಳಿಯುತ್ತಿತ್ತು. ದೊಡ್ಡಮ್ಮ ಶಾಲನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಮೂತ್ರಕ್ಕೆ ಹೋಗಿ ಬರುವವಳ ಹಾಗೆ ಎದ್ದು ಹೋದಳು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ನಾನೂ ಮೆಷಿನ್ ಎತ್ತಿಕೊಂಡು ಬಂದೆ.

ಸಮಿತಿಯ ಉತ್ಸಾಹ ಎಷ್ಟು ದಿನ ಇರುತ್ತದೆ ಎಂದು ಕೇಳಬೇಡಿ. ಫೋಟೋಗಳು ಹಳೆಯದಾದವು, ಚೀಲಗಳು ಒಗೆಯದೆ ಹಾಗೇ ಮೂಲೆಯಲ್ಲಿ ಬಿದ್ದವು, ಮಳೆಗಾಲ ಬಂದು ಬೂಷ್ಟು ಹಿಡಿಯಿತು. ಒಂದು ದಿನ ಮುನ್ಸಿಪಾಲಿಟಿಯ ಗಾಡಿ ಎಲ್ಲವನ್ನೂ ತುಂಬಿಕೊಂಡು ಹೋಯಿತು. ಆ ಗಾಡಿ ಹೋಗುವಾಗ ಫೋಟೋ ತೆಗೆಯಲು ಯಾರೂ ಬಂದಿರಲಿಲ್ಲ.

ಅಂಗಡಿ ಇಲ್ಲದ ದೊಡ್ಡಮ್ಮ ಬೇರೆಯೇ ಹೆಂಗಸು. ಮಾತೇ ನಿಂತಿತು. ತರಕಾರಿಯವನು ಹೇಳಿದ ಬೆಲೆಗೆ ತರಕಾರಿ ಕೊಳ್ಳತೊಡಗಿದಳು. ಮೈದುನನ ಮೇಲೆ ಸಿಟ್ಟು ಮಾಡಿಕೊಳ್ಳುವಂತೆ ನಾನೇ ಚುಚ್ಚಿ ನೋಡಿದೆ. "ಅವ ಒಳ್ಳೇದ್ಕೇ ಹೇಳ್ದ ಕನಮ್ಮಿ, ಏನ್ ಮಾಡದು" ಎಂದಳು, ಅಷ್ಟೇ. ನನಗೆ ಅಷ್ಟು ದೊಡ್ಡತನ ಇಲ್ಲ. ಅವನು ಈಗಲೂ ಸಿಕ್ಕಾಗ, ಅವತ್ತು ನಾನು ಬಾಯಿ ಬಿಟ್ಟದ್ದರಿಂದ ಅತ್ತಿಗೆಯ ಮಾನ ಉಳಿಯಿತು ಎನ್ನುತ್ತಾನೆ. ನಾನು ಈರುಳ್ಳಿ ಎಷ್ಟು ಎಂದು ಕೇಳಿ ಮಾತು ತಪ್ಪಿಸುತ್ತೇನೆ. ದೊಡ್ಡಮ್ಮ ಗುಂಡ್ಲುಪೇಟೆಯ ಹತ್ತಿರ ಮದುವೆ ಮಾಡಿಕೊಟ್ಟಿದ್ದ ಮಗಳ ಮನೆಗೆ ಹೋದಳು, ಅಲ್ಲೇ ತೀರಿಕೊಂಡಳು. ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿದ ಮೇಲೆ.

ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ ಎಂದೆನಲ್ಲ, ಅಲ್ಲಿಂದ ಸಂತೆಗೆ ಹೋದೆ. ಒಣಮೀನಿನವನ ಮುಂದೆ ಕೆಂಚಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಇಷ್ಟು ವರ್ಷ ಅವಳನ್ನು ದೂರದಿಂದ ಕಂಡದ್ದಿದೆ, ಮಾತಾಡಿರಲಿಲ್ಲ. ಮೀನಿನವನು ಬೆಲೆ ಹೇಳಿದ, ಅವಳು ಸುಮ್ಮನೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಆಮೇಲೆ ನನ್ನನ್ನು ನೋಡಿದಳು.

"ಅವ್ವ ಎಲ್ಲವಳ?"

ಸತ್ತು ಹೋದಳು ಎಂದೆ. ಕೆಂಚಿ ಮೀನಿನ ಪೊಟ್ಟಣವನ್ನು ಚೀಲಕ್ಕೆ ಇಳಿಸಿದಳು, ಮತ್ತೆ ಹೊರತೆಗೆದಳು, ಮತ್ತೆ ಇಳಿಸಿದಳು. ಜನ ನಮ್ಮನ್ನು ತಳ್ಳಿಕೊಂಡು ಓಡಾಡುತ್ತಿದ್ದರು.

"ನೀನು ಅಲ್ಲೇ ಕುಂತಿರ್ತಿದ್ದಲ್ಲ ಮೋಳೆ, ನಿನ್ಗ ಗೊತ್ತಿರ್ತದ" ಎಂದಳು, ಮಗಳೇ ಎನ್ನುವುದನ್ನು ಮಲಯಾಳಂನಲ್ಲೇ ಕರೆದು. "ಅಸ್ಟೂ ಸೀರೆಲಿ ಒಂದ್ನಾದ್ರೂ ನಾನು ದಿಟವಾಗಿ ಗೆದ್ದಿದ್ನಾ?"

ನನಗೆ ಗೊತ್ತಿತ್ತು. ಒಂದನ್ನೂ ಇಲ್ಲ. ಆದರೆ ಆ ಮುಖ ನೋಡಿ ಹೇಗೆ ಹೇಳಲಿ? ಗೆದ್ದಿದ್ದೆ ಎಂದೆ. ಆ ನೇರಳೆ ಸೀರೆಯನ್ನು ನೀನು ನಿಜವಾಗಿಯೇ ಕಿತ್ತುಕೊಂಡೆ, ಅವತ್ತು ದೊಡ್ಡಮ್ಮ ಸಿಟ್ಟಿನಿಂದ ಉಣ್ಣಲೇ ಇಲ್ಲ, ನಿನ್ನನ್ನು ರಾತ್ರಿಯವರೆಗೂ ಬೈದಳು ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ನಡೆದ ಹಾಗೆ ಅನ್ನಿಸಿತು, ಇನ್ನೂ ಒಂದಿಷ್ಟು ಸೇರಿಸಿದೆ.

ಕೆಂಚಿ ಪೂರ್ತಿ ಕೇಳಿದಳು. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು, ಸೀರೆಯ ಹರಕನ್ನು ಹುಡುಕುವಾಗ ಇರುತ್ತಿದ್ದ ಹಾಗೆ.

"ನೀನೂವೆ ಅವಳಂಗೇ ಕಲ್ತ್ಕಂಡಿದ್ದೀಯ" ಎಂದಳು.

ಅಷ್ಟು ಹೇಳಿ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆಗೆ ಹೋದಳು. ದೊಡ್ಡಮ್ಮ ಸತ್ತು ಬಹಳ ಕಾಲವಾಯಿತು, ಆ ದುಃಖವನ್ನು ಅತ್ತು ಮುಗಿಸಿದ್ದೇನೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಕೆಂಚಿ ನಂಬಿ ಒಂದು ಪ್ರಶ್ನೆ ಕೇಳಬಹುದಾದ ಬಾಯಿ ಈ ಊರಿನಲ್ಲಿ ನನ್ನದೊಂದು ಉಳಿದಿತ್ತು. ಹೋದ ವಾರ ಅದೂ ಹೋಯಿತು.